ಬಲಗಡೆಯ ಹಿಂದಿನ ಚಕ್ರ

ನನ್ನ ತಮ್ಮ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇಸರವಾಯಿತು, ಚಿಂತೆಯಾಯಿತು, ಈ ವಯಸ್ಸಿನಲ್ಲಿ ಇವನಿಗೆ ಇದೆಲ್ಲ ಯಾಕೆ ಎನಿಸಿತು ಎಂದು ಆಗ ಮನೆಯಲ್ಲಿ ಏನೇನೋ ಹೇಳಿಕೊಂಡು ತಿರುಗಿದ್ದೆ. ಅವೆಲ್ಲ ಹೊಟ್ಟೆಕಿಚ್ಚಿನ ಮೇಲೆ ಹೊದಿಸಿದ ಪಂಚೆ. ಒಳಗೆ ಇದ್ದದ್ದು ಅದೊಂದೇ.

ಕಾರು ಹೊಸದೇನಲ್ಲ. ಗೋವಾದಲ್ಲಿ ಊರು ಬಿಟ್ಟು ಹೊರಟಿದ್ದ ಯಾರೋ ಮಾರಿದ್ದು. ಕೆಂಪು ಬಣ್ಣ, ಮಡಚಿ ಹಿಂದೆ ಹಾಕುವ ಕಪ್ಪು ಬಟ್ಟೆಯ ಟಪ್ಪು, ಕೂತರೆ ನೆಲದ ಮೇಲೆ ಚಾಪೆ ಹಾಕಿ ಕೂತಷ್ಟೇ ಎತ್ತರ. ಶೆಟಗೇರಿಯ ನಮ್ಮ ಮನೆಯ ಬೇಲಿಯ ದಣಪೆ ಸರಿಸಿ ಅಂಗಳಕ್ಕೆ ತರುವಾಗ ಅದರ ಹೊಟ್ಟೆ ಕಲ್ಲಿಗೆ ಉಜ್ಜಿ ಕರ್‍ರ್ ಎಂದಿತು. ಆ ಸದ್ದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ಅಕ್ಕಪಕ್ಕದವರೆಲ್ಲ ಬಂದು ಸುತ್ತ ನಿಂತಿದ್ದರು. ನಾನು ಒಳಗೆ ಹೋಗಿ ಹೆಂಡತಿಯ ಹತ್ತಿರ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಎಂದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ.

"ಅವ ಅಲ್ಪ ಎಂತಕ್ಕೆ ಆಗ್ತ? ಹದ್ನೆಂಟು ವರ್ಷ ಹಡಗದಲ್ಲಿ ಮಂದಿಗೆ ಅನ್ನ ಬೇಯ್ಸಿ ಹಾಕಿದ್ದ. ಒಂದು ಕಾರು ತಗಂಡ್ರೆ ನಿಮ್ಗೆಂತ?"

ನನಗೆಂತ ಎಂಬುದನ್ನು ವಿವರಿಸಬೇಕಾದರೆ ಹಿಂದೆ ಹೋಗಬೇಕು. ನಮ್ಮ ಅಪ್ಪ ಬಸ್ ಚಾಲಕ. ಕೆಲಸದಲ್ಲಿರುವಾಗಲೇ ತೀರಿಕೊಂಡ. ಅನುಕಂಪದ ಮೇಲೆ ಮಕ್ಕಳಲ್ಲಿ ಒಬ್ಬನಿಗೆ ಕೆಲಸ ಎಂದರು. ನಾನು ದೊಡ್ಡವ, ನನಗೆ ಸಿಕ್ಕಿತು. ಅಂಕೋಲೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸರ್ಕಾರದ ಸಂಬಳ ಎಂದು ಊರೆಲ್ಲ ನನ್ನ ಬೆನ್ನು ತಟ್ಟಿತು, ಚಿಕ್ಕವನಿಗೆ ಏನೂ ಇಲ್ಲವಾಯಿತಲ್ಲ ಎಂದು ಮರುಗಿತು. ನಾನೂ ಮರುಗಿದೆ. ಹಾಗೆ ಮರುಗುವುದರಲ್ಲಿ ಒಂದು ಸುಖ ಇತ್ತು ಎಂಬುದು ಈಗ ಗೊತ್ತಾಗುತ್ತದೆ. ತಮ್ಮ ಹಡಗಿನ ಅಡುಗೆಮನೆಗೆ ಸೇರಿದ, ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ ಕಳೆದ, ಆಮೇಲೆ ಸಾಕು ಎಂದು ಬಂದು ಕೇಣಿಯಲ್ಲಿ ಮನೆ ಕಟ್ಟಿದ. ನಾನು ಅದೇ ಡಿಪೋ, ಅದೇ ಗ್ರೀಸಿನ ಡಬ್ಬ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ನಮ್ಮಲ್ಲಿ ದಾಯಾದಿ ಆದವನು ನಾನೊಬ್ಬನೇ. ಅವನಿಗೆ ಆ ಸುದ್ದಿಯೇ ಗೊತ್ತಿರಲಿಲ್ಲ.

ಆದರೆ ನನ್ನ ಹತ್ತಿರವೂ ಒಂದು ಇತ್ತು, ಕಿವಿ. ಬಸ್ಸಿನ ಕೆಳಗಿಂದ ಏನೋ ಸದ್ದು ಬರುತ್ತದೆ ಎಂದು ಯಾವ ಚಾಲಕ ಬಂದರೂ ಡಿಪೋದಲ್ಲಿ ನನ್ನನ್ನೇ ಕರೆಯುತ್ತಿದ್ದರು. ನಾನು ಕೈ ಒರೆಸಿಕೊಂಡು ಹೋಗಿ ಕೊನೆಯ ಸೀಟಿನಲ್ಲಿ ಕೂರುತ್ತಿದ್ದೆ. ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಯಾವ ಚಕ್ರ, ಒಳಗಿನ ಬೇರಿಂಗೋ ಹೊರಗಿನದೋ ಎಂದು ಹೇಳುತ್ತಿದ್ದೆ. ಬಿಚ್ಚಿದರೆ ಅದೇ ಇರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ತಪ್ಪಿದ್ದು ಎರಡೇ ಸಲ, ಅವೆರಡೂ ನನಗೆ ಇವತ್ತಿಗೂ ನೆನಪಿವೆ. ಜೀವನದಲ್ಲಿ ಮಂದಿ ನನ್ನ ಬಾಯಿ ನೋಡುತ್ತ ನಿಲ್ಲುತ್ತಿದ್ದದ್ದು ಆ ಒಂದು ವಿಷಯಕ್ಕೆ ಮಾತ್ರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಕ್ರದ ನಟ್ಟನಡುವಿನ ಗುಂಭದೊಳಗೆ ಉಕ್ಕಿನ ಗುಂಡುಗಳನ್ನು ಪೋಣಿಸಿದ ಬಳೆಯಂಥದ್ದು ಒಂದು ಇರುತ್ತದೆ. ಅದು ಬೇರಿಂಗು. ಗಾಡಿಯ ಭಾರವೆಲ್ಲ ಅದರ ಮೇಲೆ. ಗ್ರೀಸು ಒಣಗಿದರೆ, ನೀರೋ ನಮ್ಮ ಕಡಲ ದಂಡೆಯ ಉಪ್ಪಿನ ಗಾಳಿಯೋ ಒಳಹೊಕ್ಕರೆ, ಗುಂಡುಗಳ ಮೈ ಸವೆದು ಗುಳಿ ಬೀಳುತ್ತದೆ. ಆಮೇಲೆ ಗೂಂ ಎಂಬ ಸದ್ದು ಶುರು. ಸದ್ದು ಮಾಡುತ್ತಲೇ ತಿಂಗಳುಗಟ್ಟಲೆ ಓಡುತ್ತದೆ. ಹಾಗೆ ಓಡುತ್ತದೆ ಎಂಬುದೇ ಅದರ ಮೋಸ. ಒಂದು ದಿನ ಕಾದು ಕೆಂಪಾಗಿ ಚಕ್ರ ಕಚ್ಚಿಕೊಳ್ಳುತ್ತದೆ, ಇಲ್ಲವೇ ಚಕ್ರವೇ ಗಾಡಿ ಬಿಟ್ಟು ಹೋಗುತ್ತದೆ.

ಕಾರು ತಂದ ಮರುವಾರ ತಮ್ಮ ನನ್ನನ್ನು ಕೂರಿಸಿಕೊಂಡು ಕಾರವಾರಕ್ಕೆ ಹೊರಟ. ಬರುವುದಿಲ್ಲ ಎಂದೆ, ಕೇಳಲಿಲ್ಲ. "ನೀನು ಒಂದ್ಸಲ ಕೂತ್ರೆ ನಂಗೆ ಧೈರ್ಯ, ಅಣ್ಣ" ಎಂದ. ಹಟ್ಟಿಕೇರಿ ದಾಟಿ ವೇಗ ಅರವತ್ತಕ್ಕೆ ಬಂದಾಗ ನನಗೆ ಕೇಳಿತು. ಬಿದಿರ ಗಳದೊಳಗೆ ಹೊಕ್ಕ ದುಂಬಿಯ ಸದ್ದು. ಅವರ್ಸಾದ ಹತ್ತಿರ ರಸ್ತೆ ಎಡಕ್ಕೆ ಬಾಗುವಲ್ಲಿ ಅದು ಜೋರಾಯಿತು, ಬಲಕ್ಕೆ ಬಾಗುವಲ್ಲಿ ಅಡಗಿತು. ಎಡಕ್ಕೆ ತಿರುಗಿದರೆ ಭಾರ ಬೀಳುವುದು ಬಲಗಡೆಗೆ, ಹಾಗಾಗಿ ಬಲಗಡೆಯ ಚಕ್ರ. ಸದ್ದು ಬೆನ್ನ ಹಿಂದಿನಿಂದ ಬರುತ್ತಿತ್ತು, ಅಂದರೆ ಹಿಂದಿನದು. ಗೇರ್ ತೆಗೆದು ಸುಮ್ಮನೆ ಉರುಳಲು ಬಿಡು ಎಂದೆ. ಬಿಟ್ಟ. ಇಂಜಿನ್ನಿನ ದನಿ ಇಳಿಯಿತು, ದುಂಬಿಯ ದನಿ ಇಳಿಯಲಿಲ್ಲ. ಬಿಣಗಾ ದಾಟಿ ಸುರಂಗದೊಳಗೆ ಹೊಕ್ಕಾಗಲಂತೂ ಗೋಡೆಗೆ ಬಡಿದು ಬಂದ ಸದ್ದಿನಲ್ಲಿ ಗುಂಡುಗಳು ಎಡವುವುದೂ ಬೇರೆಬೇರೆಯಾಗಿ ಕೇಳಿತು. ನನಗೆ ಒಂದು ಚೂರೂ ಸಂಶಯ ಉಳಿಯಲಿಲ್ಲ.

ಸುರಂಗದಿಂದ ಹೊರಗೆ ಬಿದ್ದ ಕೂಡಲೆ ಅವನು ಕೇಳಿದ. "ಅಣ್ಣ, ಎಂತದೋ ಗೂಂ ಅಂತದಲ್ಲ. ನಿಂಗೂ ಕೇಳ್ತದಾ?"

ಎದುರಿಗೆ ಸಮುದ್ರ. ಸಿಗ್ನಲ್ಲಿನ ಹತ್ತಿರ ಕಾಲೇಜಿನ ಹುಡುಗರು ಬೈಕು ನಿಲ್ಲಿಸಿ ಕಾರಿನ ಫೋಟೋ ಹೊಡೆಯುತ್ತಿದ್ದರು. ಒಬ್ಬನಂತೂ ನನಗೆ, ಸ್ವಲ್ಪ ಬಗ್ಗಿ ಅಂಕಲ್, ಗಾಡಿ ಕಾಣಲಿ, ಎಂದು ಸನ್ನೆ ಮಾಡಿದ. ನಾನು ಬಗ್ಗಿದೆ.

"ಟಯರಿಂದು" ಎಂದೆ. "ಇಂಥ ಗಾಡಿಗೆ ಟಯರ್ ಅಗಲ ಇರ್ತದೆ. ರಸ್ತೆ ಬೇರೆ ಸಿಮೆಂಟಿಂದು. ಸದ್ದು ಬರೂದೇ."

"ಹಂಗಾದ್ರೆ ಆಯ್ತು. ನೀನು ಹೇಳಿದ್ಮೇಲೆ ಮುಗೀತು" ಎಂದು ಅವನು ನಿರಾಳನಾದ.

ಆ ಸುಳ್ಳು ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನಿಗೆ ಕೆಟ್ಟದ್ದಾಗಲಿ ಎಂದಲ್ಲ. ಕಾರಿಗೆ ಕೆಟ್ಟದ್ದಾಗಲಿ ಎಂದು ಮಾತ್ರ. ಒಂದು ದಿನ ರಸ್ತೆಯ ನಡುವೆ ನಿಂತುಬಿಡಲಿ, ನಾಲ್ಕು ಮಂದಿ ತಳ್ಳಲಿ, ಆಮೇಲೆ ನನ್ನ ಹತ್ತಿರವೇ ಬರಲಿ. ಕಾರು ಬೇರೆ, ಕಾರಿನಲ್ಲಿ ಕೂತವರು ಬೇರೆ ಎಂದು ನಾನು ನಂಬಿದ್ದೆ. ಹೊಟ್ಟೆಕಿಚ್ಚಿನವನ ಲೆಕ್ಕಾಚಾರ ಹೀಗೇ ಇರುತ್ತದೆ.

ಆಮೇಲಿನದೆಲ್ಲ ನಮ್ಮ ಅಮ್ಮನ, ಆಯಿಯ ಕತೆ. ಆಯಿ ಇರುವುದು ನನ್ನ ಜೊತೆ, ಶೆಟಗೇರಿಯಲ್ಲಿ. ಇಷ್ಟು ವರ್ಷ ಅವಳನ್ನು ಪೇಟೆಗೆ, ಆಸ್ಪತ್ರೆಗೆ, ನೆಂಟರಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ಸ್ಕೂಟರು. ಹಿಂದೆ ಅಡ್ಡಲಾಗಿ ಕೂತು, ನನ್ನ ಅಂಗಿ ಹಿಡಿದುಕೊಂಡು, ಮೆಲ್ಲಗೆ ಹೋಗು ಮೆಲ್ಲಗೆ ಹೋಗು ಎಂದು ದಾರಿಯುದ್ದ ಜಪ ಮಾಡುತ್ತಿದ್ದಳು. ಈಗ ಭಾನುವಾರ ಬಂತೆಂದರೆ ಬೆಳಿಗ್ಗೆ ಎಂಟಕ್ಕೇ ಸೀರೆ ಉಟ್ಟು ಜಗುಲಿಯಲ್ಲಿ ತಯಾರು. ಕೆಂಪು ಕಾರು ಬರುತ್ತಿತ್ತು. ತಮ್ಮ ಅವಳ ಎರಡೂ ಕೈ ಹಿಡಿದು, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಆ ತಗ್ಗು ಸೀಟಿಗೆ ಇಳಿಸುತ್ತಿದ್ದ. ತಲೆಗೆ ಸೆರಗು ಬಿಗಿದುಕೊಂಡು ಟಪ್ಪು ತೆರೆದ ಕಾರಿನಲ್ಲಿ ಅವಳು ಬೇಲೆಕೇರಿಗೆ ಹೋಗಿ ಮೀನು ತರುತ್ತಿದ್ದಳು. ಮೀನಿನವಳ ಹತ್ತಿರ ಕಾರಿನಿಂದ ಇಳಿಯದೆಯೇ ಚೌಕಾಸಿ ಮಾಡಿದಳಂತೆ. ಆ ಕತೆಯನ್ನು ಅವಳು ವಾರವಿಡೀ ಹೇಳಿದಳು.

ಒಮ್ಮೆ ನಾನು ತಡೆಯಲಾರದೆ, "ಗಾಳಿಗೆ ಕೆಮ್ಮು ಬತ್ತದೆ ನಿಂಗೆ" ಎಂದೆ.

"ನಿನ್ನ ಸ್ಕೂಟ್ರದಲ್ಲಿ ಬರೂದು ಗಾಳಿ ಅಲ್ವನಾ?" ಎಂದಳು ಆಯಿ.

ಆಯಿ ನಮ್ಮಿಬ್ಬರನ್ನೂ ಕರೆಯುವುದು ತಮಾ ಎಂದೇ. ಆದರೆ ಅವನನ್ನು ಕರೆಯುವಾಗ ಆ ತಮಾ ಸ್ವಲ್ಪ ಉದ್ದವಾಗುತ್ತದೆ ಎಂದು ನನಗೆ ಆಗ ಅನಿಸತೊಡಗಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ. ದಿನಾ ಗುಳಿಗೆ ಕೊಡುವವನು ನಾನು, ಬಿಸಿನೀರು ಕಾಯಿಸುವವಳು ನನ್ನ ಹೆಂಡತಿ. ವಾರಕ್ಕೊಮ್ಮೆ ಬಂದು ಅರ್ಧ ತಾಸು ತಿರುಗಿಸುವವನು ದೊಡ್ಡ ಮನುಷ್ಯ.

ಒಂದು ಭಾನುವಾರ ಅವನು ಒಳಗೆ ತಿಂಡಿ ತಿನ್ನುತ್ತಿದ್ದಾಗ ಅಂಗಳಕ್ಕೆ ಹೋಗಿ ಬಲಗಡೆಯ ಹಿಂದಿನ ಚಕ್ರದ ಮೇಲ್ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದೆ. ಟಕ್ ಟಕ್ ಎಂದಿತು. ಸದ್ದು ಮಾತ್ರ ಇದ್ದದ್ದಕ್ಕೆ ಈಗ ಸಡಿಲಾಟವೂ ಸೇರಿಕೊಂಡಿತ್ತು. ತಲೆ ಎತ್ತಿದರೆ ತಮ್ಮ ಕೈಯಲ್ಲಿ ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

"ಎಂತ ನೋಡ್ತೆ ಅಣ್ಣ?"

"ಟಯರ್ ಸವೆದದ್ಯಾ ಅಂತ ನೋಡ್ದೆ. ಅಡ್ಡಿಲ್ಲ."

"ನೀನಿರೂದ್ಕೇ ನಂಗೆ ಈ ಗಾಡಿ ತಗಂಬೂ ಧೈರ್ಯ ಬಂದದ್ದು" ಎಂದ ಅವನು. ಮುಖಸ್ತುತಿಯಲ್ಲ. ಅವನಿಗೆ ಹಾಗೆ ಮಾತಾಡಲು ಬರುವುದಿಲ್ಲ. ಆಗಲಾದರೂ ಹೇಳಬಹುದಿತ್ತು. ಬಾಯಿ ತುದಿಯವರೆಗೆ ಬಂದಿತ್ತು ಕೂಡ. ಆಗಲೇ ಒಳಗಿನಿಂದ ಆಯಿ, ಹೊರಡೂವಾ ತಮಾ, ಎಂದು ಕೂಗಿದಳು. ಆ ತಮಾ ನನಗಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಡಿಪೋದಲ್ಲಿ ದಿನಾ ಯಾವುದಾದರೂ ಬಸ್ಸಿನ ಬೇರಿಂಗು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಯುವಾಗ ಆ ಕೆಂಪು ಕಾರು ನೆನಪಾಗುತ್ತಿತ್ತು. ಊರವರ ಬಸ್ಸಿನ ಚಕ್ರಕ್ಕೆ ಅಂಗೈ ತುಂಬ ಗ್ರೀಸು ತೆಗೆದುಕೊಂಡು ಒತ್ತಿ ಒತ್ತಿ ತುಂಬುತ್ತಿದ್ದೆ. ಮನೆಯವರದಕ್ಕೆ ಒಂದು ಮಾತು ತುಂಬಲಿಲ್ಲ. ಹೀಗೆ ಏಳು ತಿಂಗಳು ಹೋಯಿತು.

ಬೇಸಗೆಯಲ್ಲಿ ಆಯಿಯ ಕಣ್ಣಿನ ಪೊರೆ ತೆಗೆಸಿದೆವು, ಕಾರವಾರದಲ್ಲಿ. ಎರಡು ವಾರ ಬಿಟ್ಟು ತೋರಿಸಲು ಹೋಗಬೇಕಿತ್ತು. ಕಾರಿನಲ್ಲಿ ಎರಡೇ ಸೀಟು. ತಮ್ಮ ಕರೆದುಕೊಂಡು ಹೋಗುತ್ತಾನೆಂದರೆ ನನಗೆ ಜಾಗವಿಲ್ಲ. ನೀವು ಯಾಕೆ ರಜೆ ಹಾಕುತ್ತೀರಿ, ಅವನೊಬ್ಬ ಸಾಕಲ್ಲ, ಎಂದು ಹೆಂಡತಿ ಹೇಳಿದಳು. ಅವನೊಬ್ಬ ಸಾಕು ಎಂಬ ಮಾತಿಗೇ ನಾನು ರಜೆ ಹಾಕಿ ಸ್ಕೂಟರಿನಲ್ಲಿ ಹೊರಟೆ. ಆಸ್ಪತ್ರೆಯಲ್ಲಿ ಡಾಕ್ಟರರ ಎದುರು ಕುರ್ಚಿಯಲ್ಲಿ ಕೂತವನು ನಾನು. ಚೀಟಿ ಇಸಿದುಕೊಂಡವನೂ ನಾನು. ಅಷ್ಟನ್ನು ಗೆದ್ದುಕೊಂಡೆ.

ವಾಪಸು ಬರುವಾಗ ಅವರ ಹಿಂದೆಯೇ ನನ್ನ ಸ್ಕೂಟರು. ಆಯಿಯ ಕಣ್ಣಿಗೆ ಗಾಳಿ ತಾಗಬಾರದೆಂದು ತಮ್ಮ ಟಪ್ಪು ಮುಚ್ಚಿದ್ದ, ನಲವತ್ತರ ಮೇಲೆ ಹೋಗುತ್ತಿರಲಿಲ್ಲ. ಅಮದಳ್ಳಿ ದಾಟಿದ ಮೇಲೆ ನನಗೆ ವಾಸನೆ ಬಂತು. ಕಾದ ಗ್ರೀಸಿನ ವಾಸನೆ ಒಮ್ಮೆ ಮೂಗಿಗೆ ಕೂತರೆ ಆಯುಷ್ಯದಲ್ಲಿ ಮರೆಯುವುದಿಲ್ಲ. ಮುಂದಿನ ಕಾರಿನ ಬಲಚಕ್ರ ಮೇಲೆ ಸ್ವಲ್ಪ ಒಳಗೆ ವಾಲಿದ ಹಾಗೆ, ಕುಡಿದವನ ಹಾಗೆ ತಿರುಗುತ್ತಿತ್ತು.

ಅವರ್ಸಾದಲ್ಲಿ ಎಳನೀರು ಕುಡಿಯಲು ನಿಂತರು. ಆಯಿ ಕಾರಿನಲ್ಲೇ ಕೂತಿದ್ದಳು, ಕಪ್ಪು ಕನ್ನಡಕ ಹಾಕಿಕೊಂಡು. ತಮ್ಮ ಎಳನೀರು ಕೆತ್ತಿಸಲು ಹೋದ. ನಾನು ಸ್ಕೂಟರು ನಿಲ್ಲಿಸಿ, ಯೋಚನೆ ಕೂಡ ಮಾಡದೆ, ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಕಂಬಿಗಳ ನಡುವೆ ಗುಂಭದ ಮೇಲೆ ಹಿಂಗೈ ಇಟ್ಟೆ. ಇದು ನಮ್ಮ ಬಸ್ಸಿನವರ ಅಭ್ಯಾಸ. ಅಪ್ಪ ಪ್ರತಿ ನಿಲ್ದಾಣದಲ್ಲಿ ಇಳಿದು ಹೀಗೆ ಚಕ್ರದ ಗುಂಭ ಮುಟ್ಟಿ ನೋಡುತ್ತಿದ್ದ, ಮಗುವಿಗೆ ಜ್ವರ ನೋಡುವಂತೆ. ಅಂಗೈ ದಪ್ಪ, ಅದಕ್ಕೆ ಬಿಸಿ ತಿಳಿಯುವುದಿಲ್ಲ. ಸುಟ್ಟರೂ ಹಿಂಗೈ ಸುಡಲಿ, ಸ್ಟೇರಿಂಗು ಹಿಡಿಯುವ ಕೈ ಉಳಿಯಲಿ ಎನ್ನುತ್ತಿದ್ದ. ನಮ್ಮಿಬ್ಬರಿಗೂ ಅದನ್ನು ಹೇಳಿಕೊಟ್ಟಿದ್ದ.

ಚರ್ಮ ಚುರ್ ಎಂದಿತು. ಕೈ ಹಿಂದೆಗೆದುಕೊಂಡು ಎಡಗಡೆಯ ಚಕ್ರಕ್ಕೆ ಹೋಗಿ ಇನ್ನೊಂದು ಹಿಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೆ. ಕಾರು ಬೇರೆ, ಕೂತವರು ಬೇರೆ ಎಂದು ಇನ್ನು ನನ್ನನ್ನು ನಾನೇ ನಂಬಿಸುವ ಹಾಗಿರಲಿಲ್ಲ.

ತಮ್ಮ ಎಳನೀರು ಹಿಡಿದು ಬರುತ್ತಿದ್ದ. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಆ ಗಳಿಗೆಯಲ್ಲಿ, ಗಾಡಿ ಮುಂದೆ ಬಿಡಬೇಡ, ಬೇರಿಂಗು ಹೋಗಿದೆ, ಎಂಬ ಐದಾರು ಶಬ್ದ ಹೇಳಬೇಕಿತ್ತು. ಹೇಳಿದರೆ, ಈಗ ಗೊತ್ತಾಯಿತಾ ಎಂದು ಕೇಳುತ್ತಾನೆ. ಹಾಗಾಗಿ ನಾನು ಬುದ್ಧಿವಂತಿಕೆ ಮಾಡಿದೆ.

"ಆಯಿ, ನೀನು ನನ್ನ ಸ್ಕೂಟ್ರ ಮೇಲೆ ಬಾ" ಎಂದೆ.

ಆಯಿ ಕಪ್ಪು ಕನ್ನಡಕದ ಹಿಂದಿನಿಂದ ನನ್ನನ್ನು ನೋಡಿದಳು. "ಡಾಕ್ಟ್ರು ಧೂಳು ತಾಗ್ಸೂಕಾಗ ಅಂತ ಹೇಳಿದ್ದು ನಿನ್ನ ಎದ್ರಿಗೇ ಅಲ್ಲಾ?"

ತಮ್ಮ ನಕ್ಕ. "ಅಣ್ಣಂಗೆ ಹೊಟ್ಟೆಕಿಚ್ಚು, ಆಯಿ. ನೀನು ಅವ್ನ ಸ್ಕೂಟ್ರ ಮರ್ತೆ ಅಂತ."

ಅವನು ಹೇಳಿದ್ದು ತಮಾಷೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕಿವಿಯ ತುದಿ ಬಿಸಿಯಾಯಿತು. ಹೋಗಿ ಹಾಗಾದರೆ, ಎಂದುಬಿಟ್ಟೆ. ನಿಜವಾಗಿ ಹಾಗೆಂದೆ. ಅವರು ಹೊರಟರು. ನಾನು ಎಳನೀರಿನ ಬುರುಡೆ ಹಿಡಿದು ನಿಂತಿದ್ದೆ.

ಕಾರು ಒಂದು ಫರ್ಲಾಂಗು ಹೋಗಿರಬೇಕು, ನನಗೆ ನಿಜವಾಗಿ ಹೆದರಿಕೆಯಾಯಿತು. ಬುರುಡೆ ಬಿಸಾಡಿ ಸ್ಕೂಟರು ಹತ್ತಿದೆ. ಹಿಂದಿನಿಂದ ಹಾರ್ನ್ ಹೊಡೆದೆ, ಅವನು ದಾರಿ ಕೊಡುತ್ತೇನೆಂದು ಪಕ್ಕಕ್ಕೆ ಸರಿದ. ದಾಟಿ ಮುಂದೆ ಹೋಗಿ ಹಟ್ಟಿಕೇರಿಯ ಈಚೆಗೆ ಅಡ್ಡ ನಿಲ್ಲಿಸಿದೆ. ಕಾರು ನಿಂತಾಗ ಹಿಂದಿನ ಚಕ್ರದಿಂದ ಕಬ್ಬಿಣ ಜಗಿಯುವ ಸದ್ದು ಬಂತು, ತೆಳ್ಳಗೆ ಹೊಗೆಯೂ ಬಂತು.

"ಬೇರಿಂಗ್ ಹೋಗ್ಯದೆ. ಆಯೀನ ಇಳ್ಸು" ಎಂದೆ.

ಅವನು ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ನಾನು ಹೇಳಿದ್ದೇ ಸಾಕೆಂದು ಆಯಿಯನ್ನು ಇಳಿಸಿದ. ಅಷ್ಟರಲ್ಲಿ ಕಾರವಾರದಿಂದ ನಮ್ಮ ಡಿಪೋದ ಬಸ್ಸೇ ಬಂತು. ಕೈ ಮಾಡಿದೆ. ಚಾಲಕ ನನ್ನನ್ನು ನೋಡಿ ನಿಲ್ಲಿಸಿ, ಕಿಟಕಿಯ ಪಕ್ಕದ ಸೀಟು ಬಿಡಿಸಿ ಆಯಿಯನ್ನು ಕೂರಿಸಿದ. ಅಷ್ಟು ಹೆದರಿದ್ದರೂ, ನೋಡು ಕೊನೆಗೆ ನಿನ್ನನ್ನು ಮನೆ ಮುಟ್ಟಿಸುವುದು ನನ್ನ ಬಸ್ಸೇ, ಎಂದು ನನ್ನ ಮನಸ್ಸು ಹೇಳಿತು. ಹೊಟ್ಟೆಕಿಚ್ಚಿಗೆ ನಾಚಿಕೆ ಎಂಬುದಿಲ್ಲ.

ಕಾರನ್ನು ಟೆಂಪೋದಲ್ಲಿ ಏರಿಸಿ ಅಂಕೋಲೆಯ ಒಂದು ಗ್ಯಾರೇಜಿಗೆ ತಂದೆವು. ಅದರ ಯಜಮಾನ ಮೊದಲು ನಮ್ಮ ಡಿಪೋದಲ್ಲೇ ಇದ್ದವನು, ಕೆಲಸವನ್ನು ನನ್ನ ಕೈಕೆಳಗೇ ಕಲಿತವನು. ನನ್ನನ್ನು ಈಗಲೂ ಮೇಸ್ತ್ರಿ ಎನ್ನುತ್ತಾನೆ. ಹೊಸ ಬೇರಿಂಗು ಮುಂಬಯಿಯಿಂದ ಬರಲು ಆರು ದಿನ ಹಿಡಿಯಿತು. ಬಂದ ದಿನ ನಾನೇ ಹಾಕುತ್ತೇನೆ ಎಂದು ಹೋದೆ. ತಮ್ಮನೂ ಬಂದ.

ಬಸ್ಸಿನ ಬೇರಿಂಗು ಬೇರೆ ಜಾತಿ. ಬಿಚ್ಚಿ, ತೊಳೆದು, ಗ್ರೀಸು ತುಂಬಿ, ನಟ್ಟು ಬಿಗಿದು ಸ್ವಲ್ಪ ಸಡಿಲಿಸಿದರೆ ಮತ್ತೆ ಓಡುತ್ತದೆ. ಈ ಕಾರಿನದು ಮುಚ್ಚಿದ ಡಬ್ಬಿ, ತಿದ್ದುವ ಅವಕಾಶವಿಲ್ಲ. ಹೋಯಿತೆಂದರೆ ಪೂರ್ತಿ ಬದಲಿಸಬೇಕು. ಚಕ್ರ ತೆಗೆದೆ, ಬ್ರೇಕು ಕಳಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ. ನಡುವಿನ ದೊಡ್ಡ ನಟ್ಟು ಜಪ್ಪಯ್ಯ ಎನ್ನಲಿಲ್ಲ. ನಟ್ಟು ತಿರುಗಿಸುವ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ನಾನೂ ತಮ್ಮನೂ ಒಟ್ಟಿಗೆ ಭಾರ ಬಿಟ್ಟೆವು. ಎಷ್ಟೋ ವರ್ಷಗಳ ಮೇಲೆ ನಮ್ಮಿಬ್ಬರ ಭುಜ ಒಂದಕ್ಕೊಂದು ತಾಗಿದ್ದು ಆಗ. ನಟ್ಟು ಕಟ್ ಎಂದು ಬಿಟ್ಟಿತು.

ಗುಂಭವನ್ನು ಪ್ರೆಸ್ಸಿನ ಕೆಳಗಿಟ್ಟು ಒತ್ತಿ ತೆಗೆದೆವು. ಬೇರಿಂಗು ಎರಡು ತುಂಡಾಗಿ ಬಂತು, ಒಳಗಿನ ಬಳೆ ಗುಂಭಕ್ಕೇ ಕಚ್ಚಿಕೊಂಡಿತ್ತು. ಅದನ್ನು ಗ್ರೈಂಡರಿನಲ್ಲಿ ಕೊರೆದು, ಉಳಿಯಲ್ಲಿ ಹೊಡೆದು ಬಿಡಿಸಿದೆ. ಗುಂಡುಗಳು ಸುಟ್ಟು ನೀಲಿಯಾಗಿದ್ದವು. ಅವುಗಳನ್ನು ದೂರ ದೂರ ಹಿಡಿದಿಡುವ ಪಂಜರ ಪುಡಿಪುಡಿ. ಗ್ರೀಸು ಇದ್ದ ಕಡೆ ತುಕ್ಕಿನ ಹಿಟ್ಟು. ಇನ್ನು ಒಂದೆರಡು ಮೈಲಿ ಓಡಿದ್ದರೆ ಚಕ್ರ ಗಾಡಿಯಲ್ಲಿ ಉಳಿಯುತ್ತಿರಲಿಲ್ಲ.

ಹೊಸದನ್ನು ಕೂರಿಸುವಾಗ ಒಂದು ಎಚ್ಚರ ಬೇಕು. ಅದರ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಗಿನ ಬಳೆಯ ಮೇಲೆ ಒತ್ತಿದರೆ ಗುಂಡುಗಳಿಗೆ ಪೆಟ್ಟು ಬಿದ್ದು, ಹೊಸದಾದರೂ ಮೊದಲ ದಿನದಿಂದಲೇ ಹಾಡತೊಡಗುತ್ತದೆ. ನಾನು ಅಳತೆಗೆ ಸರಿಯಾದ ಪೈಪಿನ ತುಂಡು ಹುಡುಕಿ ಇಟ್ಟು ಒತ್ತಿದೆ. ನೆಟ್ಟಗೆ ಇಳಿದು ಕೂತಿತು. ಆ ಹೊತ್ತಿಗೆ ಗ್ಯಾರೇಜಿನವನು ಹಳೆಯ ಬೇರಿಂಗಿನ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಇದು ಕಡ್ಮೆ ಅಂದ್ರೂ ಆರು ತಿಂಗ್ಳಿಂದ ಕೂಗಿರ್ಬೇಕು" ಎಂದ. "ಯಾರ್ಗೂ ಕೇಳ್ಲೇ ಇಲ್ವಾ?"

"ನಂಗೆ ಕೇಳಿತ್ತು" ಎಂದ ತಮ್ಮ. "ಅಣ್ಣನ್ನ ಕೇಳ್ದೆ. ಟಯರಿಂದು ಅಂದ."

ಗ್ಯಾರೇಜಿನವನು ನನ್ನ ಕಡೆ ನೋಡಿದ. ನನ್ನ ಕಿವಿ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ಪಕ್ಕ ಕೂತು ಕಲಿತವನು ಅವನು. ಅವನಿಗೆ ಏನೋ ಹೊಳೆಯತೊಡಗಿದ್ದು ನನಗೆ ಕಂಡಿತು. ತಮ್ಮನಿಗೂ ಅವನ ಮುಖ ಕಂಡಿರಬೇಕು. ನನ್ನ ಮರ್ಯಾದೆ ಕಾಯಲು ಅವಸರದಲ್ಲಿ ನಡುವೆ ಬಾಯಿ ಹಾಕಿದ.

"ಅಂವಗೆ ಈಗ ಅಷ್ಟು ಕೇಳೂದಿಲ್ಲ, ಪಾಪ. ದಿನಾ ಬಸ್ಸಿನ ಗದ್ದಲ. ವಯಸ್ಸೂ ಆಯ್ತಲ್ಲ. ಅವನದೆಂತ ತಪ್ಪು?"

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಿವುಡ ಎನಿಸಿಕೊಂಡು ಬದುಕಬಹುದಿತ್ತು. ತಲೆ ಆಡಿಸಿದ್ದರೆ ಸಾಕಿತ್ತು. ಆದರೆ ಅವನಿಗೆ ಮನೆ ಇತ್ತು, ಕಾರಿತ್ತು, ಆಯಿಯ ಉದ್ದದ ತಮಾ ಇತ್ತು. ನನ್ನ ಹತ್ತಿರ ಇದ್ದದ್ದು ಆ ಕಿವಿ ಒಂದೇ. ಅದನ್ನೂ ಅವನು, ಅದೂ ಕನಿಕರಪಟ್ಟು, ಕಿತ್ತುಕೊಳ್ಳುತ್ತಿದ್ದ. ಪಶ್ಚಾತ್ತಾಪದಿಂದ ನಿಜ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದು ನಿಜವಲ್ಲ. ನಾನು ಹೇಳಿದ್ದು ಸೊಕ್ಕಿನಿಂದ.

"ನಂಗೆ ಚೊಲೋ ಕೇಳ್ತದೆ" ಎಂದೆ. "ಮೊದ್ಲ ದಿನವೇ ಕೇಳಿತ್ತು. ಬಲಗಡೆ, ಹಿಂದಿನ ಚಕ್ರ. ಸುರಂಗಕ್ಕೆ ಹೋಗೂಕಿಂತ ಮೊದ್ಲೇ ಗೊತ್ತಿತ್ತು ನಂಗೆ."

ಗ್ಯಾರೇಜಿನವನು ಚೂರನ್ನು ತಟ್ಟೆಯಲ್ಲಿಟ್ಟು, ಏನೋ ಹುಡುಕುವವನಂತೆ ಹಿಂದಿನ ಕೋಣೆಗೆ ಹೋದ. ತಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಬಲಗೈಯನ್ನು ನೋಡುತ್ತಿದ್ದ. ಹಿಂಗೈಯ ಮೇಲಿನ ಸುಟ್ಟ ಗಾಯ ಒಣಗಿ ಕಪ್ಪಾಗಿತ್ತು. ಅವನೂ ಅದೇ ಅಪ್ಪನ ಮಗ. ಹಿಂಗೈ ಯಾವಾಗ, ಎಲ್ಲಿ ಸುಡುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅವರ್ಸಾದಲ್ಲಿ ನೀನು ಮುಟ್ಟಿ ನೋಡಿದ್ದೆ" ಎಂದ. ಪ್ರಶ್ನೆಯಲ್ಲ ಅದು.

"ಹೌದು."

"ಆಮೇಲೂ ನಮ್ಮನ್ನ ಹೋಗೂಕೆ ಬಿಟ್ಟೆ."

"ಹೌದು."

"ಆಯಿ ಕೂತಿದ್ಲಲ್ಲ, ಅಣ್ಣ" ಎಂದ. ದನಿ ಎತ್ತರಿಸಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇಪ್ಪತ್ತಾರು ವರ್ಷಗಳ ಮಾತು ನನ್ನ ಹತ್ತಿರ ತಯಾರಿತ್ತು. ಅದಕ್ಕೆ ಅವನು ದಾರಿಯನ್ನೇ ಕೊಡಲಿಲ್ಲ.

ಉಳಿದ ಕೆಲಸವನ್ನು ಮುಗಿಸಿದೆ. ನಾನು ಕೇಳಿದ ಪಾನಾ ಅವನು ಕೊಟ್ಟ, ದೀಪ ಹಿಡಿದ, ಚಕ್ರ ಎತ್ತಿ ಕೂರಿಸಲು ಕೈ ಹಾಕಿದ. ಕಾರು ಕೆಳಗಿಳಿಸಿದ ಮೇಲೆ ಒಂದು ಸುತ್ತು 'ಕೇಳಿ' ಬರಬೇಕು, ಅದು ಪದ್ಧತಿ. ನಾನು ಕೈ ಒರೆಸಿಕೊಂಡು ಎಡಗಡೆಯ ಬಾಗಿಲ ಹತ್ತಿರ ಹೋದೆ. ತಮ್ಮ ಸ್ಟೇರಿಂಗಿನ ಹಿಂದೆ ಕೂತು, ನನ್ನನ್ನು ದಾಟಿ ಗ್ಯಾರೇಜಿನವನನ್ನು ಕರೆದ.

"ನೀವೊಂದ್ಸಲ ಕೂತು ಕೇಳ್ತ್ರಾ?"

ಗ್ಯಾರೇಜಿನವನಿಗೆ ಮುಜುಗರವಾಯಿತು. "ಮೇಸ್ತ್ರಿ ಇದ್ರಲ್ಲ" ಎಂದ. ತಮ್ಮ ಒಳಗಿನಿಂದಲೇ ಕೈ ಚಾಚಿ ಬಾಗಿಲು ತೆರೆದು ಹಿಡಿದ. ಗ್ಯಾರೇಜಿನವನು ನನ್ನ ಕಡೆ ನೋಡದೆ ಬಗ್ಗಿ ಒಳಗೆ ಕೂತ. ಇಬ್ಬರೂ ಹೆದ್ದಾರಿಗೆ ಹೋದರು. ನಾನು ಕೈಯಲ್ಲಿ ಬಟ್ಟೆಚೂರು ಹಿಡಿದು ಶೆಡ್ಡಿನಲ್ಲಿ ನಿಂತು, ಸದ್ದು ದೂರವಾಗುವವರೆಗೂ ಕೇಳಿದೆ. ಚಕ್ರ ಬೆಣ್ಣೆಯಂತೆ ಓಡುತ್ತಿತ್ತು. ಅದನ್ನು ಹೇಳಲು ನನ್ನ ಹತ್ತಿರ ಯಾರೂ ಇರಲಿಲ್ಲ. ನನ್ನ ಕೈಕೆಳಗೆ ಕಲಿತವನ ಮೇಲೆಯೂ ಹೊಟ್ಟೆಕಿಚ್ಚು ಪಡುವ ದಿನ ನನಗೆ ಹಾಗೆ ಬಂತು.

ಸಂಜೆ ತಮ್ಮ ಶೆಟಗೇರಿಗೆ ಬಂದ. ಊಟಕ್ಕೆ ಕೂತೆವು. ಅವನು ಈಗ ಹೇಳುತ್ತಾನೆ, ಆಗ ಹೇಳುತ್ತಾನೆ ಎಂದು ನಾನು ಅನ್ನ ಕಲಸುತ್ತಲೇ ಇದ್ದೆ. ಆಯಿಯೇ ಕೇಳಿದಳು.

"ಕಾರಿಗೆ ಎಂತ ಆಗಿತ್ತು ತಮಾ?"

"ಬೇರಿಂಗ್ ಹೋಗಿತ್ತು, ಆಯಿ. ಅಣ್ಣನೇ ಹೊಸದು ಹಾಕ್ದ. ಅವ ಆ ದಿನ ಅಡ್ಡ ಬಂದು ನಿಲ್ಸ್ದೆ ಇದ್ರೆ ನಾವಿಬ್ರೂ ಇರ್ತಿರ್ಲಿಲ್ಲ."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆಯಿ ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು. "ಅದ್ಕೇ ಹೇಳೂದು, ದೊಡ್ಡಣ್ಣ ಅಂತ ಒಬ್ಬ ಇರ್ಬೇಕು" ಎಂದು, ಪಾತ್ರೆಯಲ್ಲಿದ್ದ ದೊಡ್ಡ ಮೀನಿನ ತುಂಡನ್ನು ನನ್ನ ಬಟ್ಟಲಿಗೆ ಹಾಕಿದಳು. ಆ ಮಾತಿಗೆ ಆಸೆಪಟ್ಟು ನಾನು ಏಳು ತಿಂಗಳು ಬೆಂದಿದ್ದೆ. ತಮ್ಮ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಅವನು ಹೇಳಿಬಿಟ್ಟಿದ್ದರೆ ನನಗೂ ಅವನ ಮೇಲೆ ಒಂದು ದೂರು ಇರುತ್ತಿತ್ತು. ಇವತ್ತಿನವರೆಗೂ ಅವನು ಆಯಿಗೆ ಹೇಳಿಲ್ಲ, ನನ್ನನ್ನು ಆ ಕಾರಿನ ಬಗ್ಗೆ ಮತ್ತೇನೂ ಕೇಳಿಯೂ ಇಲ್ಲ.